ತಲೆಗೆ ಹತ್ತು ಕವಡೆ

ಮಾನೆಯಾಬಾದ ಚಾವಣಿಯಂಚು ಎದೆಮಟ್ಟಕ್ಕಿಳಿದಿದೆ,
ಬಗ್ಗದೆ ಯಾರೂ ಒಳಗೆ ಬರುವಂತಿಲ್ಲ.
ರಾಜಧಾನಿಯಿಂದ ಬಂದ ಮೂವರೂ ಬಗ್ಗಿದರು.
ನಾನು ದುಭಾಷಿ. ದಿನಕ್ಕಿಷ್ಟು ಡಾಲರು, ಊಟ ಅವರದೇ.
ಓದಿದ್ದು ತಾರಾವಾದಲ್ಲಿ; ಈ ದ್ವೀಪ ಅಜ್ಜಿಯದು.

ಮೊದಲ ಪ್ರಶ್ನೆಗೇ ಎಡವಿದೆ.
ಹಾಳೆಯಲ್ಲಿದ್ದ ಉದ್ದನೆಯ ಇಂಗ್ಲಿಷ್ ಪದಕ್ಕೆ
ನಮ್ಮ ಮಾತಿನಲ್ಲಿ ಜೊತೆಯಿಲ್ಲ.
"ನೀವು ಎಷ್ಟು ದುರ್ಬಲರು? ಸೊನ್ನೆಯಿಂದ ಐದರೊಳಗೆ ಹೇಳಿ"
ಅಂದೆ. ಚಾಪೆಗಳ ಮೇಲೆ ಮೌನ ಕೂತಿತು.
ತಿಬ್ವೆರೆ ಮುದುಕ ತನ್ನ ತೋಳು ನೋಡಿಕೊಂಡ,
ಎಪ್ಪತ್ತರಲ್ಲೂ ದಿನಕ್ಕೆರಡು ಸಲ
ತೆಂಗು ಹತ್ತಿ ಕಳ್ಳಿಳಿಸುವ ತೋಳು.
"ಸೊನ್ನೆ" ಅಂದ.
ಎಲ್ಲರೂ ಸೊನ್ನೆ ಅಂದರು.
ಅಧಿಕಾರಿ ಬರೆದುಕೊಂಡ: ಅರಿವಿನ ಕೊರತೆ.

ಹಾಳೆ ಮಡಚಿಟ್ಟು ಮತ್ತೆ ಕೇಳಿದೆ:
"ಕಡಲಿಗೆ ಒಳಬರುವ ದಾರಿ ಗೊತ್ತಾಗಿರುವುದು ಎಲ್ಲೆಲ್ಲಿ?"
ಆಗ ನೋಡಬೇಕಿತ್ತು.
ಶಾಲೆಯ ಹಿಂದೆ, ಕ್ರಿಸ್ಮಸ್ ಕಳೆದ ಮೇಲಿನ ದೊಡ್ಡ ಉಬ್ಬರಕ್ಕೆ.
ನಮ್ಮ ಕೋಳಿಗೂಡಿನ ಕೆಳಗೆ.
ನನ್ನ ಗಂಡನ ಗೋರಿಯ ಬಲಮಗ್ಗುಲಲ್ಲಿ, ಅಂದಳು ಒಬ್ಬಳು
ಮಗುವಿಗೆ ಹಾಲೂಡುತ್ತಲೇ.
ಬಬಾಯಿ ಗುಂಡಿಗೆ, ಅದೂ ಅಡಿಯಿಂದ,
ಅಲೆಯಿಲ್ಲ, ಸದ್ದಿಲ್ಲ,
ಎಲೆಯಂಚು ಹಳದಿಯಾದಾಗಲೇ ತಿಳಿಯುವುದು.
ಬಬಾಯಿಯೆಂದರೆ ಕೆಸುವಿನ ದೊಡ್ಡಣ್ಣ;
ಅಜ್ಜ ನೆಟ್ಟದ್ದನ್ನು ಮೊಮ್ಮಗಳ ಮದುವೆಗೆ ಅಗೆಯುತ್ತಾರೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ತಿಂದವರು ಯಾರೋ.
ಕುಡಿಯುತ್ತಿರುವುದು ಈ ಗುಂಡಿ.

ರಾತ್ರಿ ಅಧಿಕಾರಿಗೆ ನಿದ್ದೆ ಹತ್ತಲಿಲ್ಲ.
ಕಡಲು ಎಷ್ಟು ದೂರ, ಎಂದು ಕೇಳಿದ.
ಯಾವುದು, ಅಂದೆ.
ಆಚೆಗೊಂದು, ಈಚೆಗೊಂದು,
ಎರಡರ ಸದ್ದೂ ಒಂದೇ ದಿಂಬಿಗೆ.

ಮರುದಿನ ಐದು ಚಿತ್ರ ಹಾಸಿದರು:
ಗೋಡೆ, ಕಾಂಡ್ಲಾ ಗಿಡ, ಮಳೆನೀರಿನ ಟ್ಯಾಂಕು,
ಕಂಬಗಳ ಮೇಲೆ ನಿಂತ ಮನೆ, ಕೊನೆಗೊಂದು ದೋಣಿ.
ದೋಣಿಯಲ್ಲಿದ್ದವರು ನಗುತ್ತಿದ್ದರು.
ತಲೆಗೆ ಹತ್ತು ಕವಡೆ, ಬೇಕಾದದ್ದರ ಮೇಲೆ ಇಡಿ.
ನಲವತ್ತೊಂದು ತಲೆ, ನಾನೂರ ಹತ್ತು ಕವಡೆ.
ಗಂಡಸರದು ಬಹುಪಾಲು ಗೋಡೆಗೆ ಹೋಯಿತು.
ದೋಣಿಯ ಮೇಲೆ ಒಂದೇ ಒಂದು ಬಿತ್ತು;
ಯಾರದೆಂದು ಯಾರೂ ಕೇಳಲಿಲ್ಲ.

ಎಣಿಸಿದರೆ ಮುನ್ನೂರ ತೊಂಬತ್ತಾರು.
ಹನ್ನೊಂದು ಮಕ್ಕಳ ಕೈಯಲ್ಲಿ ಸಿಕ್ಕವು, ಆಟ ಶುರುವಾಗಿತ್ತು.
ಮೂರು, ನೇಯ್ ಕಟಾರಕೆಯ ಲಾವಲಾವಾದ ಗಂಟಿನಲ್ಲಿ.
"ಇವು ಮುಂದಿನ ಸಲಕ್ಕೆ" ಅಂದಳು.
"ಕೇಳೋದಕ್ಕೆ ಮತ್ತೆ ಬರ್ತೀರಲ್ಲ.
ಹೋದ ಸಲ ಕಾಳು ಕೊಟ್ಟಿದ್ರಿ,
ಬೇಯಿಸಿಕೊಂಡು ತಿಂದೆ."
ಇದನ್ನು ನಾನು ಪೂರ್ತಿ ಅನುವಾದಿಸಲಿಲ್ಲ.

ಒಂಬತ್ತು ತಿಂಗಳಿಗೆ ವರದಿ ಹೆರಿಗೆಯಾಯಿತು,
ನೂರ ಹನ್ನೆರಡು ಪುಟ.
ಮುಖಪುಟದಲ್ಲಿ ಕಟಾರಕೆಯ ಕೈ, ಹೆಸರಿಲ್ಲ.
ಕೋಷ್ಟಕ ಏಳರಲ್ಲಿ ಅವಳ ಕವಡೆಗಳು: ಉತ್ತರಿಸಿಲ್ಲ.
ದುಡ್ಡು ಕೊಡುವವರಿರಲಿಲ್ಲ, ಆದರೂ ಹಡಗು ಹತ್ತಿ ಹೋಗಿ
ಅದೇ ಚಾಪೆಗಳ ಮೇಲೆ ಕೂತು ಓದಿ ಹೇಳಿದೆ.
ನಾವು ಹೇಳಿದ ದಾರಿಗಳು ಎಲ್ಲಿ, ಅಂದರು.
ಪುಟ ತಿರುವಿದೆ. ನಕ್ಷೆಯಲ್ಲಿ ಊರು ಸಿಕ್ಕಿತು:
ಶಾಲೆ, ಕೋಳಿಗೂಡು, ಗೋರಿ
ಎಲ್ಲ ಸೇರಿ ಒಂದೇ ಕೆಂಪು.
ತಿಬ್ವೆರೆ ಆ ಕೆಂಪನ್ನು ಬೆರಳಲ್ಲಿ ಉಜ್ಜಿ ನೋಡಿದ, ಅಂಟುತ್ತದೋ ಎಂದು.

ಕಟಾರಕೆ ಗಂಟು ಬಿಚ್ಚಿ
ತೆರೆದ ಪುಟದ ಮೇಲೆ ಒಂದು ಕವಡೆ ಇಟ್ಟಳು.
"ಹೋದ ಯೋಜನೆಯವರ ಟ್ಯಾಂಕು ಇದೆಯಲ್ಲ, ಅದರ ನಲ್ಲಿ ಸೋರ್ತಿದೆ.
ಒಂದು ರಬ್ಬರ್ ವಾಷರ್. ಮೊದಲು ಅದು ಬರಿ."
ಬರೆದುಕೊಂಡೆ,
ವರದಿಯ ಹಿಂಬದಿಯಲ್ಲಿ ಖಾಲಿ ಜಾಗವಿತ್ತು.
ಉಳಿದೆರಡನ್ನು ಅವಳು ಮತ್ತೆ ಗಂಟು ಹಾಕಿದಳು.