ಎರಡು ಔನ್ಸು

ಐಲಿ ಕುಸಿಸ್ತೊ ಅಂಗಡಿಯಲ್ಲಿ, ಎರೆಹುಳುವಿನ ಫ್ರಿಜ್ಜಿನ ಪಕ್ಕ,
ಸಾಲಾಗಿ ನಿಂತಿವೆ ಗಾಳದ ಕೋಲುಗಳು.
ಬಾಗಿಲು ತೆಗೆದರೆ ಸಾಕು, ತುದಿಗಳೆಲ್ಲ ತಲೆದೂಗುತ್ತವೆ
ಹೌದು ಹೌದು ಅನ್ನುವ ಹಾಗೆ.

'ಯಾವ ಮೀನಿಗೆ?' ಕೇಳಿದಳು, ಕನ್ನಡಕ ಹಣೆಗೇರಿಸಿ.
ಅಂಗೈ ತೋರಿಸಿದೆ. ಇಷ್ಟು.
ಬ್ಲೂಗಿಲ್. ಒಂದು ಬಾಣಲೆಗೆ ನಾಲ್ಕು ಹಿಡಿಸುವಂಥವು,
ಜೂನಿನಲ್ಲಿ ಕೆರೆಯಂಚಿನ ಮರಳಲ್ಲಿ
ತಟ್ಟೆಯಗಲ ಗೂಡು ತೋಡಿ
ನೆರಳು ಬಿದ್ದರೂ ಜಗಳಕ್ಕೆ ಬರುವಂಥವು.
'ಅಂಗೈ ಕೇಳಲಿಲ್ಲ, ಡೆನ್ಜಿಲ್, ಮೀನು ಕೇಳಿದೆ.'
ಎರಡೂ ಒಂದೇ, ಅಂದೆ.

ಮನೆಯಲ್ಲಿ ಅಪ್ಪನದು ಎಂಟನೇ ನಂಬರಿನ ಕೋಲಿದೆ,
ತೋಳುದ್ದದ ಪೈಕ್ ಮೀನುಗಳನ್ನು ದಡಕ್ಕೆ ಎಳೆದದ್ದು.
ಅದರಲ್ಲಿ ಇವನ್ನು ಹಿಡಿಯುವುದು
ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.
ಕಚ್ಚಿದ್ದೂ ತಿಳಿಯದು, ಬಿಟ್ಟದ್ದೂ ತಿಳಿಯದು,
ಸುಮ್ಮನೆ ದಾರ ಎತ್ತಿದರೆ ತುದಿಯಲ್ಲೊಂದು ಮೀನು,
ಯಾರೋ ತಂದು ಸಿಕ್ಕಿಸಿಟ್ಟ ಹಾಗೆ,
ಅದಕ್ಕೂ ಆಶ್ಚರ್ಯ, ನನಗೂ.

ಇಷ್‌ಪೆಮಿಂಗಿನ ಕಬ್ಬಿಣದ ಗಣಿಯಲ್ಲಿ
ಮೂವತ್ತೊಂದು ವರ್ಷ ಡ್ರಿಲ್ ಹಿಡಿದ ಕೈ.
ಚಳಿಗೆ ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ.
ಅಂಗಿಯ ಗುಂಡಿ ಸಿಕ್ಕಿತೋ ಇಲ್ಲವೋ, ಕಣ್ಣೇ ಹೇಳಬೇಕು.
ಕಾಫಿಯ ಬಿಸಿ ಮೊದಲು ತುಟಿಗೆ ಗೊತ್ತು.
ಡಾಕ್ಟರು ಸೂಜಿ ಚುಚ್ಚಿ 'ಈಗ? ಈಗ?' ಅಂದಾಗ
ಸೌಜನ್ಯಕ್ಕೆ ಎರಡು ಸಲ ಹೂಂಗುಟ್ಟಿದ್ದೆ.
ಇದನ್ನೆಲ್ಲ ಐಲಿಗೆ ಹೇಳಲಿಲ್ಲ.
ಹಗುರದ್ದು ಬೇಕು, ಅಂದೆ ಅಷ್ಟೆ.

ಮೊದಲನೆಯದು ಗ್ರ್ಯಾಫೈಟು, ನಾಲ್ಕನೇ ನಂಬರು,
ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಜಾತಿ.
ಆಮೇಲೆ ಬಿದಿರು. ಬೆಲೆಚೀಟಿ ತಿರುಗಿಸಿ ನೋಡಿ
ಪರರ ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಂದಿರುಗಿಸಿದೆ.
ಕೊನೆಗೆ ಫೈಬರ್‌ಗ್ಲಾಸಿನದು, ಜೇನಿನ ಬಣ್ಣ,
ಎರಡನೇ ನಂಬರು, ಆರೂವರೆ ಅಡಿ.
ಪಾರ್ಸೆಲ್ ತೂಗುವ ತಕ್ಕಡಿಗೆ ಹಾಕಿದಳು:
ಎರಡು ಔನ್ಸು, ಚಿಲ್ಲರೆ.
ತೆಗೆದುಕೊಂಡೆ.
ತೆಗೆದುಕೊಂಡೆನೇ ಎಂದು ಬಗ್ಗಿ ನೋಡಿಕೊಂಡೆ.

'ಗಾಳಿಗೆ ಬೀಸಿದರೆ ಏನು ತಿಳಿದೀತು? ಬಾ ಹಿತ್ತಿಲಿಗೆ.'
ಮಗುಚಿಟ್ಟ ದೋಣಿಗಳು. ಮೇ ಬಂದರೂ
ನೆರಳಲ್ಲಿ ಕರಗದೆ ಕೂತ ಕೊಳಕು ಹಿಮದ ಒಂದು ಮುದ್ದೆ.
ನಲವತ್ತು ಅಡಿ ದಾರ ಎಳೆದು
ಆ ತುದಿಯನ್ನು ಮೊಮ್ಮಗಳ ಕೈಗಿತ್ತಳು:
ವೆನ್ಲಾ, ಏಳು ವರ್ಷ, ಮುಂದಿನೆರಡು ಹಲ್ಲು ರಜೆಯಲ್ಲಿ.
'ನೀನು ಮೀನು,' ಅಂದಳು ಅವಳಿಗೆ.
'ನೀನು ಕಣ್ಣು ಮುಚ್ಚು,' ನನಗೆ. 'ಕಚ್ಚಿದಾಗ ಹೇಳು.'

ಮೊದಲು ಗ್ರ್ಯಾಫೈಟು.
ಹೆದ್ದಾರಿಯಲ್ಲಿ ಮರದ ದಿಮ್ಮಿಯ ಲಾರಿ ಹೋಯಿತು.
ಕಾದೆ. 'ಈಗ!' ಅಂದೆ.
'ಮೂರು ಸಲ ಕಚ್ಚಿ ಬಿಟ್ಟಾಯಿತು ತಾತಾ,' ಅಂದಿತು ಮೀನು,
'ಈಗ ಸುಮ್ಮನೆ ನಿಂತಿದ್ದೆ.'

ಐಲಿ ಏನೂ ಅನ್ನಲಿಲ್ಲ.
ಅವಳ ಗಂಡನೂ ಅದೇ ಪಾಳಿಯವನು.
ಕೋಲು ಬದಲಿಸಿ ಹಿಡಿ ಸರಿಪಡಿಸಿದಳು:
'ಬೆರಳು ಹೋಗಲಿ ಬಿಡು. ಬುಡ ಮಣಿಕಟ್ಟಿಗೆ ತಾಗಲಿ.
ಇದು ಹಿಡಿಯವರೆಗೂ ಬಾಗುತ್ತೆ,
ಎಲ್ಲಾದರೊಂದು ಕಡೆ ನಿನ್ನನ್ನು ಹುಡುಕಿಕೊಳ್ಳುತ್ತೆ.'

ಕಣ್ಣು ಮುಚ್ಚಿದೆ.
ಏನೂ ಇಲ್ಲ.
ಏನೂ ಇಲ್ಲದ್ದರಲ್ಲಿ ಒಂದು ಸಣ್ಣ ಗಂಟು.
ಟಿಕ್.
ಮೊಣಕೈ ಒಳಗೆ, ಸೂಜಿ ಚುಚ್ಚಿರದ ಜಾಗದಲ್ಲಿ,
ಪಕ್ಕದ ಮನೆಯ ಕದವನ್ನು ಯಾರೋ
ಒಂದೇ ಬೆರಳಲ್ಲಿ ತಟ್ಟಿದ ಹಾಗೆ.
ಹೇಳಲಿಲ್ಲ. ಇನ್ನೊಂದು ಬರಲಿ.
ಟಿಕ್ ಟಿಕ್. ಆಮೇಲೆ ಸುತ್ತು ಹಾಕುವ ಎಳೆತ,
ಅಗಲದ ಮೈಯನ್ನು ನೀರಿಗೆ ಅಡ್ಡ ಕೊಟ್ಟು
ಬ್ಲೂಗಿಲ್ ಮಾತ್ರ ಎಳೆಯುವ ರೀತಿ.
ಇವಳಿಗೆ ಯಾರು ಹೇಳಿಕೊಟ್ಟರು?

'ತಾತಾ, ನಿದ್ದೆ ಬಂತಾ?'
'ಶ್,' ಅಂದೆ, 'ಕಚ್ಚುತ್ತಿದೆ.'

ನೂರ ನಲವತ್ತು ಡಾಲರು. ಎರಡು ಗರಿಯ ಹುಳು ಪುಕ್ಕಟೆ.
ಆದರೆ ವೆನ್ಲಾ ದಾರ ಬಿಡಲೊಲ್ಲಳು.
ಸಿಕ್ಕ ಮೀನನ್ನು ಬಿಡಿಸಲು
ದಾರ ಸುತ್ತಿಕೊಳ್ಳುತ್ತ ನಲವತ್ತು ಅಡಿಯೂ
ನಾನೇ ನಡೆದು ಹೋಗಬೇಕಾಯಿತು.