ಕೊಸರು

ಬೋರ್ಡಿನ ಮೇಲೆ ಅಡ್ಡ ಒಂದು ಗೆರೆ ಎಳೆದೆ.
ಮೇಲೊಂದು ಅಂಕಿ, ಕೆಳಗೊಂದು.
ಮೇಲಿನದು ಅಂಶ, ಕೆಳಗಿನದು ಛೇದ, ಅಂದೆ.
ಆರನೇ ಕ್ಲಾಸಿನ ಮೂವತ್ತೊಂದು ತಲೆಗಳು
ಬಗ್ಗಿ ಬರೆದುಕೊಂಡವು.
ಅರ್ಥವಾದ ಮುಖ ಒಂದೂ ಕಾಣಲಿಲ್ಲ.

ಗೆರೆ ಅಂದರೆ ಭಾಗಿಸು ಅಂತ, ಅಂದೆ.
ಒಂದನ್ನು ನಾಲ್ಕರಿಂದ ಭಾಗಿಸಿ.
'ಹೋಗಲ್ಲ ಮಿಸ್' ಅಂದ ಹಿಂದಿನ ಬೆಂಚಿನ ಇರ್ಫಾನ್.
ನಿಜ, ಹೋಗುವುದಿಲ್ಲ.
ಅದಕ್ಕೇ ಸೊನ್ನೆ ಬರೆದು, ಪಕ್ಕದಲ್ಲಿ ಚುಕ್ಕಿ ಇಟ್ಟು
ಒಂದನ್ನು ಹತ್ತು ಮಾಡಿಕೊಳ್ಳಬೇಕು,
ನೋಟು ಮುರಿಸಿ ಚಿಲ್ಲರೆ ತಂದ ಹಾಗೆ.
ಹತ್ತರಲ್ಲಿ ನಾಲ್ಕು ಎರಡು ಸಲ. ಉಳಿದದ್ದು ಎರಡು.
ಅದಕ್ಕೆ ಮತ್ತೊಂದು ಸೊನ್ನೆ. ನಾಲ್ಕೈದ್ಲ ಇಪ್ಪತ್ತು.
ಸೊನ್ನೆ ಚುಕ್ಕಿ ಎರಡು ಐದು. ಶೇಷ ಇಲ್ಲ.

ಆಗ ಎದ್ದಳು ಹಂಸವೇಣಿ.
'ಅದು ಕಾಲು ಕೇಜಿ ಮಿಸ್.
ನಮ್ಮವ್ವನ ಹೊಸ ತಕ್ಕಡೀಲಿ ಹಂಗೇ ಬತ್ತದೆ,
ಕೆಂಪು ದೀಪ್ದಲ್ಲಿ, ಕೊನೇಗೆ ಇನ್ನೊಂದು ಸೊನ್ನೆ.'

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ
ಅವಳವ್ವ ಜವರಮ್ಮ ಅವರೆಕಾಯಿ ಮಾರುತ್ತಾಳೆ.
ಕಾಲು, ಅರೆ, ಒಂದು: ಮೂರೇ ಕಲ್ಲು.
ಮುಕ್ಕಾಲಿಗೆ ಬೇರೆ ಕಲ್ಲಿಲ್ಲ,
ಎರಡನ್ನು ಜೊತೆಗಿಟ್ಟರಾಯಿತು.
ಈ ಸಲದ ಆಯುಧಪೂಜೆಗೆ ಕಲ್ಲುಗಳಿಗೆ ಕೊನೆಯ ಕುಂಕುಮ;
ಮಾರನೆಯ ದಿನ ಬ್ಯಾಟರಿ ತಕ್ಕಡಿ ಬಂತು.
ಅದಕ್ಕೆ ಕಾಲು ಗೊತ್ತಿಲ್ಲ, ಅರೆ ಗೊತ್ತಿಲ್ಲ.
ಸ್ಕೂಲು ಬಿಟ್ಟ ಮೇಲೆ ಮಗಳು ಗೋಣಿಯ ಮೇಲೆ ಕೂತು
ಅದು ಹೇಳಿದ್ದನ್ನು ಅವ್ವನ ಮಾತಿಗೆ ತಿರುಗಿಸುತ್ತಾಳೆ:
ಚುಕ್ಕಿಯಾಚೆ ಐನೂರು ಬಂದರೆ ಅರೆ,
ಏಳುನೂರ ಐವತ್ತಾದರೆ ಮುಕ್ಕಾಲು,
ನೂರ ಇಪ್ಪತ್ತೈದು?
ಅರೆಕಾಲು ಕಣವ್ವ. ಎಂಟರಲ್ಲಿ ಒಂದು.

ಮರುದಿನ ಒಂದರ ಕೆಳಗೆ ಮೂರು ಬರೆದೆ.
ಹತ್ತರಲ್ಲಿ ಮೂರು ಸಲ, ಶೇಷ ಒಂದು.
ಮತ್ತೆ ಹತ್ತು. ಮೂರು ಸಲ. ಶೇಷ ಒಂದು.
ಮಕ್ಕಳಿಗೆ ನಗು ಹತ್ತಿತು.
ಬೋರ್ಡು ಮುಗಿದರೂ ಇರ್ಫಾನ್ ನಿಲ್ಲಿಸಲಿಲ್ಲ,
ಗೋಡೆಯ ಸುಣ್ಣದ ಮೇಲೆ ಇದ್ದಲಿನಲ್ಲಿ
ಮೂರು ಮೂರು ಮೂರು ಬರೆಯುತ್ತಾ
ಕಿಟಕಿಯ ಚೌಕಟ್ಟು ಮುಟ್ಟಿದ.
ಹೊರಗೆ ಬೇಲೂರಿನ ಬಸ್ಸು ಹೋಯಿತು.
ಹೆಡ್‌ಮಾಸ್ಟರು ಬಂದು, ಇದೇನಮ್ಮ ಗೋಡೆ, ಅಂದರು.
ಇನ್ನೂ ಮುಗಿದಿಲ್ಲ ಸಾರ್, ಅಂದೆ.

ಹಂಸವೇಣಿ ಮಾತ್ರ ನಗಲಿಲ್ಲ.
'ನಿನ್ನೆ ನರ್ಸಿಂಗ್ ಓದೋ ಮೂರು ಜನ ಅಕ್ಕಂದಿರು ಬಂದಿದ್ರು.
ಒಂದು ಕೇಜಿ ತಗೊಂಡು ಮೂರು ಪಾಲು ಕೇಳಿದ್ರು.
ಮುನ್ನೂರ ಮೂವತ್ಮೂರು ಅಂತ ನಾನೇ ಲೆಕ್ಕ ಹೇಳ್ದೆ.
ಆಮೇಲೆ ಕೂಡಿ ನೋಡಿದ್ರೆ
ಒಂಬೈನೂರ ತೊಂಬತ್ತೊಂಬತ್ತು.
ಒಂದು ಗ್ರಾಂ ಎಲ್ಲಿ ಹೋಯ್ತು ಮಿಸ್?'

ಎಲ್ಲಿಗೂ ಹೋಗಿಲ್ಲ. ಮೂರುಗಳು ಸಾಗುತ್ತಲೇ ಇರುತ್ತವೆ,
ನಾವು ನಡುವೆ ಕತ್ತರಿಸುತ್ತೇವೆ, ಅಷ್ಟೇ, ಅಂದೆ.
ಸರಿಯಾದ ಉತ್ತರವೇ.
ಕೂತುಕೊಂಡಳು, ಒಪ್ಪಿದ ಹಾಗೆ ಕಾಣಲಿಲ್ಲ.

ಸಂಜೆ ಚೀಲ ಹಿಡಿದು ಕಟ್ಟಿನಕೆರೆಗೆ ಹೋದೆ.
ಡಿಸೆಂಬರಿನ ಚಳಿ, ಸಾಲು ಪೂರ್ತಿ ಸೊಗಡಿನ ವಾಸನೆ.
ಕಾಲು ಕೇಜಿ ಕೊಡಿ, ಅಂದೆ.
ಜವರಮ್ಮ ಸುರಿದಳು, ಎರಡು ಕಾಯಿ ತೆಗೆದಳು,
ಒಂದು ಹಾಕಿದಳು.
ಸೊನ್ನೆ ಚುಕ್ಕಿ ಎರಡು ಐದು ಸೊನ್ನೆ:
ನನ್ನ ಬೋರ್ಡಿನ ಉತ್ತರ, ಸ್ವಲ್ಪ ನಡುಗುತ್ತಾ, ನಿಂತಿತು.

ಆಮೇಲೆ ಅವಳ ಕೈ ಬುಟ್ಟಿಗೆ ಹೋಯಿತು.
ತಕ್ಕಡಿ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ,
ಪಕ್ಕದ ಕೊತ್ತಂಬರಿಯವಳ ಜೊತೆ ಏನೋ ಜಗಳದಲ್ಲಿದ್ದಳು.
ಒಂದು ಹಿಡಿ ಮೇಲೆ ಬಿತ್ತು.
ಅಂಕಿಗಳು ಗಾಬರಿಯಿಂದ ಓಡತೊಡಗಿದವು,
ಇನ್ನೂರ ಎಪ್ಪತ್ತು, ಇನ್ನೂರ ತೊಂಬತ್ತು...
ಇದಕ್ಕೆಷ್ಟು, ಅಂದೆ.
'ಅಯ್ಯೋ ಕೊಸರು ಕಣವ್ವ. ಅದನ್ನ ಯಾರು ಎಣಿಸ್ತಾರೆ.'

ಅಷ್ಟರಲ್ಲಿ ಹಂಸವೇಣಿ ಮುಂದೆ ಬಾಗಿ
ಆ ಕೆಂಪು ದೀಪದ ಮೇಲೆ
ಅಂಗೈ ಮುಚ್ಚಿದ್ದಳು.