ಗಾಡಿ ಹಚ್ಚೋ ಜಾಗ

ಕೆಮಿಸ್ಟ್ರಿ ಲ್ಯಾಬಿನ್ಯಾಗ ಇಪ್ಪತ್ತೆರಡು ವರ್ಷ
ಪಿಪೆಟ್ಟು ತೊಳದ ಕೈಯಾಗ ಇವತ್ತ ಸೀಟಿ ಕೊಟ್ಟಾರ.
"ದ್ಯಾಮಣ್ಣ, ಫುಟ್‌ಬಾಲ್ ಫೈನಲ್ ಐತಿ,
ಬಂದವರ ಗಾಡಿ ನೀನ ಹಚ್ಚಸು."
ಹಚ್ಚಸ್ತೀನ್ರಿ, ಅಂದೆ.

ಮೈದಾನಕ್ಕ ಗೆರಿ ಎಳದು ಉಳದ ಸುಣ್ಣ
ಅರ್ಧ ಬಕೆಟ್ಟು ಇತ್ತು.
ಬೇವಿನ ಗಿಡದಿಂದ ಹಿಡದು ಸೈಕಲ್ ಸ್ಟ್ಯಾಂಡಿನ ತನಕ
ನಾನೂ ಎಳದೆ, ಸ್ವಲ್ಪ ಸೊಟ್ಟ.
ಒಳಗ ಗೋಲಿ ನಿಲ್ಲೂದಕ್ಕ ಇಷ್ಟ ಜಾಗ,
ಹೊರಗ ಒಂದ ಸ್ಕೂಟಿಗೆ ಇಷ್ಟ.
ಸುಣ್ಣಕ್ಕೇನ ಗೊತ್ತು,
ಯಾವದು ಆಟ, ಯಾವದು ಚಾಕರಿ.

ಹನ್ನೊಂದಕ್ಕ ಶುರು ಆತು ನೋಡ್ರಿ.
ನಂಬರ್ ಪ್ಲೇಟ ನೋಡೂದು ಬ್ಯಾಡ, ಗಾಲಿ ನೋಡಿದ್ರ ಸಾಕು.
ಎರಿ ಮಣ್ಣು ಕರ್ರಗ ಒಣಗಿ ಹತ್ತಿತ್ತಂದ್ರ
ಅಣ್ಣಿಗೇರಿ ದಾಟಿ ಬಂದ ಗದಗಿನವರು.
ಬರೇ ಧೂಳಂದ್ರ ಹುಬ್ಬಳ್ಳಿ.
ಅವರು ಎಡಕ್ಕ, ಇವರು ಬಲಕ್ಕ,
ನಡಬರ್ಕ ಬೇವಿನ ಗಿಡ, ಬುಡಕ್ಕ ನಾನು.
ನಮ್ಮ ಧಾರವಾಡದವ್ರು?
ಅವ್ರು ಸೋತು ಮೂರು ದಿನ ಆತು.
ನಡಕೋತ ಬರ್ತಾರ.

ಆಟ ನಾಕಕ್ಕ. ಹೊಟ್ಟಿ ಅಲ್ಲೀತನಕ ಕಾಯೂದಿಲ್ಲ.
ಓಮ್ನಿಯ ಹಿಂದಿನ ಬಾಗಲಾ ಮ್ಯಾಲ ಎತ್ತಿದ್ರು,
ಬುತ್ತಿ ಬಿಚ್ಚಿದ್ರು:
ಕಡಕ್ ರೊಟ್ಟಿ, ಎಣ್ಣಿಗಾಯಿ,
ಐದು ಲೀಟರಿನ ಎಣ್ಣಿ ಕ್ಯಾನಿನ್ಯಾಗ ಮಜ್ಜಗಿ.
ಆ ಕಡೆ ಬುಲೆಟ್ಟಿನ ಸೀಟಿನ ಮ್ಯಾಲ ಪೇಪರ್ ಹಾಸಿ
ಉಳ್ಳಾಗಡ್ಡಿ ಹೆಚ್ಚಾಕ ಹತ್ತಿದ್ರು, ಗಿರ್ಮಿಟ್ಟಿಗೆ.
ಒಂದ ತಾಸಿನ್ಯಾಗ ನನ್ನ ಗೆರಿ
ಚಪ್ಪಲಿಗೆ ಹತ್ತಿ ಹತ್ತಿ ಅಳಿಸಿ ಹೋತು.
ಶೇಂಗಾ ಹಿಂಡಿ ಬಲಕ್ಕ ಹೋತು, ಮಿರ್ಚಿ ಎಡಕ್ಕ ಬಂತು.
ಹಾಲಮ್ಮಾಯಿ ಅಂತ ಒಬ್ಬಾಕಿ ಮುದುಕಿ
ರೊಟ್ಟಿ ಮಡಚಿ ಚಾಚಿದಳು:
"ಏ ಸೀಟಿ, ನೀ ಯಾರ ಕಡೆ?"
ನಾ ಗಾಡಿ ಕಡೆ ಬೇ, ಅಂದೆ.
"ಹಂಗಾರ ಇನ್ನೊಂದ ತಿನ್ನು."

ನಾಕಕ್ಕ ಎಲ್ಲಾರೂ ಒಳಗ.
ಇನ್ನೂರಾ ಹದಿನೇಳು ಗಾಡಿ, ನಾನು, ಚೂರು ಮೂಸೋ ಒಂದು ನಾಯಿ.
ಗ್ವಾಡಿ ಆಚಿ ಆಟಾನ ಕಿವಿಲೇ ನೋಡಿದೆ.
"ಓ" ಅಂದ್ರ ತಪ್ಪಿತು. "ಹೋ" ಅಂದ್ರ ಹೊಕ್ಕಿತು.
ಅಷ್ಟ, ಒಂದ ಅಕ್ಷರದ ಅಂತರ.

ಒಮ್ಮೆ ಚೆಂಡು ಗ್ವಾಡಿ ಹಾರಿ ಬಂತು,
ಯಾರದೋ ಗಾಡಿ ಕನ್ನಡಿ ಒಡದು
ಉರುಳಿ ಉರುಳಿ ನನ್ನ ಕಾಲ ಹಂತ್ಯಾಕ ನಿಂತಿತು.
ನಿನ್ನ ಎಲ್ಲಿ ಹಚ್ಚಲಿ, ಅಂದೆ.
ಆಚಿ ಕಡೆ ಇಡೀ ಮೈದಾನ ಸುಮ್ಮಗ ಕಾಯಾಕತ್ತಿತ್ತು,
ಈ ದ್ಯಾಮಣ್ಣಗ.
ಚಪ್ಪಲಿ ಬಿಟ್ಟೆ. ಒದ್ದೆ.
ಗ್ವಾಡಿಗೆ ಬಡದು ತಿರುಗಿ ಬಂತು.
ಇನ್ನೊಮ್ಮೆ ಒದ್ದೆ.
ಚಪ್ಪಾಳಿ ಕೇಳಿಸಿತು, ನನಗೋ ಚೆಂಡಿಗೋ,
ಕೇಳಾಕ ಹೋಗಲಿಲ್ಲ.

ಯಾರು ಗೆದ್ದರು ಅನ್ನೂದನ್ನೂ ಕೇಳಲಿಲ್ಲ.
ಗೆದ್ದವರು ಟೋಕನ್ ಕಳಕೊಂಡು ಬರ್ತಾರ,
"ಕಾಕಾ, ಅದ ನಮ್ಮದು, ಕೆಂಪಂದು" ಅಂತಾರ.
ಸೋತವರದು ಮುಷ್ಟಿಯಾಗ ಇರ್ತೈತಿ,
ಬೆವತು ಮೆತ್ತಗಾಗಿ ನಂಬರ್ ಅಳಿಸಿರ್ತೈತಿ.
ಕರಿ ಮಣ್ಣಿನ ಗಾಲಿ ಒಂದೊಂದ
ಹಾರ್ನ್ ಹೊಡೀದ ಹೋದ್ವು.
ಹಾಲಮ್ಮಾಯಿ ಕಿಡಕಿಯಿಂದ ಕೈ ಅಷ್ಟ ಎತ್ತಿದಳು.

ಕತ್ತಲಿ ಆತು. ಒಂದ ಗಾಡಿ ಉಳೀತು.
ಟೀಮಿನ ಟೆಂಪೋ ಹೋಗಿ ತಾಸಾದ ಮ್ಯಾಲ ಬಂದ ಆ ಹುಡುಗ,
ಬ್ಯಾಗಿಗೆ ಗೋಲಿಯ ಕೈಚೀಲ ಕಟಗೊಂಡು,
ಮೊಣಕಾಲಿಗೆ ನಮ್ಮ ಕೆಂಪು ಮಣ್ಣು.
"ಕಾಕಾ, ಗಾಡಿ ಎಲ್ಲಿ ಹಚ್ಚೀನಿ,
ನೆನಪಾಗವಲ್ದು."

ಇಡೀ ಬಯಲಿಗೆ ಒಂದ ಗಾಡಿ.
ನಾ ಅವನ ಟೋಕನ್ ಇಸಗೊಂಡು
ದೀಪದ ಕಡೆ ಹಿಡದು ಓದಿದೆ: ನೂರಾ ನಾಕು.
"ಬಾ, ಹುಡಕೂಣು."
ಬೇವಿನ ಗಿಡಕ್ಕ ಒಂದು ಸುತ್ತು ಹಾಕಿ,
ಸೈಕಲ್ ಸ್ಟ್ಯಾಂಡಿನ ಹಿಂದೂ ಒಮ್ಮೆ ನೋಡಿ,
ಇಬ್ಬರೂ ಹುಡಕಿದ್ವಿ.